ಅಮ್ಮ ಊಟ ಬಿಟ್ಟ ವರ್ಷ

ಗುಬ್ಬಿಯಲ್ಲಿ ನಾವಿದ್ದ ಮನೆಗೆ ಎರಡೇ ಕೋಣೆ. ಮಲಗುವುದು, ಓದುವುದು, ಬಂದವರನ್ನು ಕೂರಿಸುವುದು ಎಲ್ಲ ಮುಂದಿನ ಕೋಣೆಯಲ್ಲಿ. ಹಿಂದಿನದು ಅಡುಗೆಮನೆ, ಅದರ ಮೂಲೆಯಲ್ಲೇ ಸೊಂಟದೆತ್ತರ ಗೋಡೆ ಎಬ್ಬಿಸಿ ಬಚ್ಚಲು ಮಾಡಿದ್ದರು. ನಾಲ್ಕು ಮನೆಗಳ ವಠಾರ, ನಡುವೆ ಒಂದು ನಲ್ಲಿ. ಅಪ್ಪ ಪೇಟೆಯ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಶಿವಗಣಾರಾಧನೆಯ ಕಾರ್ಡು, ಇವು ನಮಗೆ ಅನ್ನ ಹಾಕುತ್ತಿದ್ದವು. ಮದುವೆಯ ಕಾಲದಲ್ಲಿ ಅಪ್ಪನಿಗೆ ಉಸಿರಾಡಲೂ ಪುರುಸೊತ್ತಿಲ್ಲ. ಆಷಾಢ ಬಂತೆಂದರೆ ವಾರದಲ್ಲಿ ಮೂರು ದಿನ ಪ್ರೆಸ್ಸಿನ ಬಾಗಿಲೇ ತೆರೆಯುತ್ತಿರಲಿಲ್ಲ. ಹಾಗಿದ್ದೂ ನಮ್ಮದು ಬಡವರ ಊಟ ಎಂದು ನನಗೆ ಒಂದು ದಿನವೂ ಅನಿಸಿರಲಿಲ್ಲ. ಅದಕ್ಕೆ ಕಾರಣ ಅಮ್ಮ. ಒಂದು ಕಟ್ಟು ಸೊಪ್ಪು, ಒಂದು ಹಿಡಿ ಕಾಳು ಬೇಯಿಸಿ, ಬಸಿದ ನೀರಿಗೆ ಖಾರ ಅರೆದು ಹಾಕಿ ಸಾರು ಮಾಡುತ್ತಿದ್ದಳು, ಬೆಂದ ಸೊಪ್ಪುಕಾಳು ಪಲ್ಯವಾಗುತ್ತಿತ್ತು. ಎರಡು ಬಗೆಯಾಯಿತಲ್ಲ ಎಂದು ನಾವು ಹಿಗ್ಗುತ್ತಿದ್ದೆವು. ಒಂದೇ ಪಾತ್ರೆಯಿಂದ ಬಂದದ್ದೆಂದು ಗೊತ್ತಾದದ್ದು ನಾನು ದೊಡ್ಡವಳಾದ ಮೇಲೆ.

ನಾನು ಮೂರನೇ ಕ್ಲಾಸಿಗೆ ಹೋದ ವರ್ಷ ಅಮ್ಮನಿಗೆ ಏನೋ ಆಯಿತು. ಏನೋ ಎಂದೇ ಹೇಳಬೇಕು. ಮನೆಯಲ್ಲಿ ಯಾರೂ ತೀರಿಕೊಂಡಿರಲಿಲ್ಲ, ಗಂಡ ಹೆಂಡತಿ ಜಗಳವಾಡಿರಲಿಲ್ಲ, ಮೈಗೆ ಜ್ವರವೂ ಇರಲಿಲ್ಲ. ಕಾರಣ ಸಿಕ್ಕಿದ್ದರೆ ಎಲ್ಲರೂ ಕನಿಕರ ಪಡುತ್ತಿದ್ದರೇನೋ. ಯುಗಾದಿ ಕಳೆದ ಮೇಲೆ ಮೊದಲು ನಿಂತದ್ದು ಒಗ್ಗರಣೆ. ಸಾರು ಮಾಡುತ್ತಿದ್ದಳು, ಒಗ್ಗರಣೆ ಹಾಕುತ್ತಿರಲಿಲ್ಲ. ಆಮೇಲೆ ಪಲ್ಯ ನಿಂತಿತು. ಆಮೇಲೆ ಬರಿ ಅನ್ನ, ಉಪ್ಪಿನಕಾಯಿ. ಒಂದು ದಿನ ಶಾಲೆಯಿಂದ ಬಂದಾಗ ತೊಳೆದ ಅಕ್ಕಿ ಪಾತ್ರೆಯಲ್ಲಿ ಹಾಗೇ ಇತ್ತು, ಅಮ್ಮ ಚಾಪೆಯ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ನಾನು ಕರೆದೆ. ತಿರುಗಿದಳು, ನೋಡಿದಳು, ಮತ್ತೆ ಗೋಡೆಗೆ ತಿರುಗಿದಳು. ನನ್ನನ್ನು ಗುರುತಿಸಲು ಅವಳಿಗೆ ಒಂದು ಗಳಿಗೆ ಹೆಚ್ಚು ಹಿಡಿಯಿತು ಎಂದು ನನಗೆ ಅನಿಸಿತು. ಆ ಒಂದು ಗಳಿಗೆಯ ಭಯ ನನ್ನ ಮೈಯಲ್ಲಿ ಇವತ್ತಿಗೂ ಇದೆ.

ಆಮೇಲಿನ ಒಂದೆರಡು ತಿಂಗಳು ನಾವು ಬೇಕರಿಯ ಮೇಲೆ ಬದುಕಿದೆವು. ಬೆಳಿಗ್ಗೆ ಟೀ ಬನ್ನು, ಮಧ್ಯಾಹ್ನ ನನಗೆ ಹೋಟೆಲಿನ ಪಾರ್ಸಲ್ ಚಿತ್ರಾನ್ನ, ಸಂಜೆ ಖಾರಾಬೂಂದಿ. ಮೊದಮೊದಲು ನನಗೆ ಅದು ಹಬ್ಬದಂತಿತ್ತು. ಆಮೇಲೆ ಹೊಟ್ಟೆ ನೋಯತೊಡಗಿತು. ಕ್ಲಾಸಿನಲ್ಲಿ ಮಗ್ಗಿ ಹೇಳುವಾಗ ನಡುವೆ ಮರೆತುಹೋಗುತ್ತಿತ್ತು. ಸುಮ್ಮಸುಮ್ಮನೆ ಅಳು ಬರುತ್ತಿತ್ತು. ಅಪ್ಪ ಸಣ್ಣ ಮಾತಿಗೂ ಸಿಡುಕುತ್ತಿದ್ದ. ಮನೆಯಲ್ಲಿ ಒಲೆ ಉರಿಯದಿದ್ದರೆ ಖರ್ಚು ಕಡಿಮೆಯಾಗಬೇಕಿತ್ತು, ನಮಗೆ ಹೆಚ್ಚಾಯಿತು. ಅದರ ಮೇಲೆ ಅಮ್ಮನಿಗೆ ಶಕ್ತಿ ಬರಲೆಂದು ಅಪ್ಪ ಯಾರೋ ಹೇಳಿದ ಡಬ್ಬಿಯ ಪುಡಿ ತಂದ, ಸೇಬು ತಂದ. ಸೇಬು ತಂದ ದಿನ ತಾನು ಮಧ್ಯಾಹ್ನ ಊಟ ಬಿಡುತ್ತಿದ್ದ. ಅಮ್ಮ ಸೇಬನ್ನು ಕೈಯಲ್ಲಿ ಹಿಡಿದುಕೊಂಡು ಕೂತಿರುತ್ತಿದ್ದಳು. ಅದು ಕಪ್ಪಾಗುವವರೆಗೂ ಹಾಗೇ.

ಆಷಾಢದಲ್ಲಿ ಅಪ್ಪನ ಅಕ್ಕ, ನಿಟ್ಟೂರಿನ ಅತ್ತೆ, ಬಂದರು. ಬಾಗಿಲಲ್ಲೇ ನಿಂತು ಮೂಗು ಮುರಿದರು. ಅಮ್ಮ ಅದೇ ಕೋಣೆಯಲ್ಲಿ ಮಲಗಿದ್ದಳು. ಅವಳು ಅಲ್ಲಿ ಇಲ್ಲವೇ ಇಲ್ಲವೆಂಬಂತೆ ಅತ್ತೆ ಮಾತು ಶುರುಮಾಡಿದರು.

"ಏನ್ಲಾ ಮಲ್ಲೇಶ, ಮನೇನ ಹಿಂಗ್ ಮಡ್ಗಿದ್ದೀಯ?"

"ಗಿರಿಜಂಗೆ ಹುಷಾರಿಲ್ಲ ಕಣಕ್ಕ."

"ಹುಷಾರಿಲ್ದೋರು ಜ್ವರ ಬಂದು ಮಲಗ್ತಾರೆ. ಇವ್ಳಿಗೇನ್ ಬಂದೈತೆ? ಹುಚ್ಚು ಕಣೋ ಇದು. ಕೊತ್ತಗೆರೇಗ್ ಕರ್ಕೊಂಡೋಗಿ ಅವ್ರಮ್ಮನ್ ಹತ್ರ ಬುಟ್ಟು ಬಾ. ನಿಂಗೇನು ಮಹಾ ವಯಸ್ಸಾಗೈತೆ?"

ಕೊನೆಯ ಮಾತಿನ ಅರ್ಥ ನನಗೆ ಆಗಲಿಲ್ಲ. ಅಪ್ಪನಿಗೆ ಆಯಿತು. ಅವನು ಅಕ್ಕನಿಗೆ ಎದುರು ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. ಆ ದಿನವೂ ದನಿ ಏರಿಸಲಿಲ್ಲ.

"ಟೀ ಕುಡ್ದು ಹೊರಡಕ್ಕ. ಬಸ್ಸಿಗೆ ಹೊತ್ತಾಗ್ತೈತೆ."

ಅತ್ತೆ ಟೀಯನ್ನೂ ಕುಡಿಯದೆ ಎದ್ದು ಹೋದರು. ಆದರೆ ಅವರು ಆಡಿದ ಮಾತು ವಠಾರದಲ್ಲಿ ಉಳಿಯಿತು. ಮರುದಿನ ನಲ್ಲಿಯ ಹತ್ತಿರ ನನ್ನ ವಾರಗೆಯ ಹುಡುಗಿಯೊಬ್ಬಳು ಕೊಡ ಇಟ್ಟುಕೊಂಡು ಕೇಳಿಯೇಬಿಟ್ಟಳು, ನಿಮ್ಮಮ್ಮನಿಗೆ ಹುಚ್ಚಂತೆ ಹೌದಾ ಎಂದು. ನಾನು ಅವಳ ಕೊಡವನ್ನು ಕಾಲಲ್ಲಿ ಒದ್ದು ಉರುಳಿಸಿದೆ. ಪಕ್ಕದ ಮನೆಯ ಸರೋಜಕ್ಕ ನನ್ನ ತೋಳು ಹಿಡಿದು ಎಳೆದುಕೊಂಡು ಬಂದರು. ಬೈಯುತ್ತಾರೆ ಅಂದುಕೊಂಡೆ. ಅವರು ಅಪ್ಪನ ಹತ್ತಿರ ಹೋಗಿ, ತುಮಕೂರಿನ ದೊಡ್ಡಾಸ್ಪತ್ರೆಯಲ್ಲಿ ಮನಸ್ಸಿನ ಕಾಯಿಲೆಗೆ ನೋಡುವ ಡಾಕ್ಟರಿದ್ದಾರೆ, ನಮ್ಮಣ್ಣ ಅವರ ಹತ್ತಿರವೇ ಸರಿಹೋದದ್ದು, ಕರೆದುಕೊಂಡು ಹೋಗಿ, ಅದರಲ್ಲಿ ನಾಚಿಕೆ ಏನಿದೆ ಎಂದರು.

ಮರುದಿನವೇ ಬೆಳಗಿನ ರೈಲಿಗೆ ಮೂವರೂ ಹೊರಟೆವು. ಡಾಕ್ಟರು ನಡುವಯಸ್ಸಿನ ಹೆಂಗಸು, ದಪ್ಪ ಕನ್ನಡಕ. ಅಮ್ಮನನ್ನು ಎದುರಿಗೆ ಕೂರಿಸಿಕೊಂಡು ತುಂಬ ಹೊತ್ತು ನಿದ್ದೆಯ ಬಗ್ಗೆ, ಅಳುವಿನ ಬಗ್ಗೆ ಕೇಳಿದರು. ಆಮೇಲೆ ಅಪ್ಪನ ಕಡೆ ತಿರುಗಿದರು.

"ಬೆಳಿಗ್ಗೆ ಏನ್ ತಿಂದ್ರು ಇವರು?"

"ಟೀ ಕುಡುದ್ಲು ಮೇಡಂ."

"ನೀವು?"

"ನಂದಾಯ್ತು ಮೇಡಂ."

ನಾನು ಬಾಯಿ ಹಾಕಿದೆ. "ಇಲ್ಲ ಮಿಸ್. ಅಪ್ಪ ತಿಂದಿಲ್ಲ. ನಿನ್ನೇನೂ ತಿಂದಿಲ್ಲ. ಅಮ್ಮಂಗೆ ಡಬ್ಬಿ ಪುಡಿ ತರ್ತಾರೆ, ಸೇಬು ತರ್ತಾರೆ, ಅಮ್ಮ ತಿನ್ನಲ್ಲ, ಅದು ಕೊಳ್ತೋಗತ್ತೆ."

ಅಪ್ಪ ತಲೆ ತಗ್ಗಿಸಿದ. ಡಾಕ್ಟರು ಪೆನ್ನು ಕೆಳಗಿಟ್ಟರು. ಅವರು ಅಂದು ಹೇಳಿದ ಮಾತುಗಳನ್ನು ಅಪ್ಪ ಎಷ್ಟು ಸಲ ನಮಗೆ ಒಪ್ಪಿಸಿದ್ದಾನೆಂದರೆ, ಯಾವುದು ನಾನು ಕೇಳಿದ್ದು, ಯಾವುದು ಅಪ್ಪ ಹೇಳಿದ್ದು ಎಂದು ಈಗ ಬೇರೆ ಮಾಡಲಾರೆ.

"ನೋಡಿ, ಊಟ ಒಂದರಿಂದಲೇ ಇದು ವಾಸಿಯಾಗತ್ತೆ ಅಂತ ನಾನ್ ಹೇಳಲ್ಲ. ಮಾತ್ರೆ ಬೇಕು, ಬಿಡದೆ ಕೊಡಬೇಕು. ಆದ್ರೆ ಹೊಟ್ಟೆ ಖಾಲಿ ಇಟ್ಕೊಂಡು ಯಾವ ಮನಸ್ಸೂ ನೆಟ್ಟಗಾಗಲ್ಲ. ಇವರದ್ದೂ ಅಷ್ಟೆ, ನಿಮ್ಮದೂ ಅಷ್ಟೆ, ಈ ಮಗೂದೂ ಅಷ್ಟೆ. ಡಬ್ಬಿ ಪುಡಿ, ಸೇಬು ಯಾರು ಕೇಳಿದ್ರು ನಿಮ್ಮನ್ನ? ಸೀಬೆಹಣ್ಣು ಸಿಗಲ್ವಾ ಗುಬ್ಬೀಲಿ? ಮೊಟ್ಟೆ ತಿಂತೀರಾ?"

"ಇಲ್ಲ ಮೇಡಂ. ನಾವು ಲಿಂಗಾಯತ್ರು."

"ಹಾಗಿದ್ರೆ ಕಾಳು ತಿನ್ನಿ. ಹುರುಳಿ, ಹೆಸರು, ಕಡಲೆಕಾಯಿ. ರಾಗಿ ಇದೆ, ಸೊಪ್ಪಿದೆ, ಮಜ್ಜಿಗೆ ಇದೆ. ಒಂದು ಹೊತ್ತು ಇಟ್ಕೊಳ್ಳಿ, ಆ ಹೊತ್ತಿಗೆ ಊಟ. ತಿನ್ನಲ್ಲ ಅಂದ್ರೆ ಎರಡು ತುತ್ತು ಸಾಕು, ಬಲವಂತ ಮಾಡ್ಬೇಡಿ. ಆದ್ರೆ ಅವರೊಬ್ಬರನ್ನೇ ತಟ್ಟೆ ಮುಂದೆ ಕೂರಿಸಬೇಡಿ."

ವಾಪಸು ರೈಲಿನಲ್ಲಿ ಬಂದು ಗುಬ್ಬಿಯಲ್ಲಿ ಇಳಿದ ಅಪ್ಪ ನೇರ ಗಿರಣಿಗೆ ಹೋಗಿ ರಾಗಿಹಿಟ್ಟು ತಂದ. ಸಂಜೆ ಒಲೆ ಹಚ್ಚಿದ. ಅವನು ಅದುವರೆಗೆ ಬಿಸಿನೀರು ಬಿಟ್ಟು ಬೇರೇನೂ ಕಾಯಿಸಿದವನಲ್ಲ. ಎಸರು ಕುದಿಯುತ್ತಿದ್ದಂತೆ ಹಿಟ್ಟು ಸುರಿದು, ಕೂಡಲೇ ಗರಗರ ಕಲಕಿದ. ಮುದ್ದೆಯ ತುಂಬ ಗಂಟು; ಗಂಟು ಒಡೆದರೆ ಒಳಗೆ ಒಣಹಿಟ್ಟು. ಅಮ್ಮ ಎರಡು ತುತ್ತು ನುಂಗಿದಳು. ನಾನು ಒಂದು ತುತ್ತಿಗೆ ಅತ್ತುಬಿಟ್ಟೆ. ಅಪ್ಪ ಮಾತ್ರ ಅಷ್ಟನ್ನೂ ತಿಂದ. ಆಮೇಲೆ ಕೊತ್ತಗೆರೆಯಲ್ಲಿದ್ದ ಅಮ್ಮನ ತಾಯಿಗೆ ಕಾರ್ಡು ಬರೆದ. ಮಗಳನ್ನು ಕಳಿಸುತ್ತೇನೆ ಎಂದು ಬರೆಯಲಿಲ್ಲ. ನನಗೆ ಅಡುಗೆ ಕಲಿಸಿಕೊಡಬೇಕು, ಬನ್ನಿ ಎಂದು ಬರೆದ.

ಅಜ್ಜಿ ನಾಲ್ಕನೇ ದಿನ ಬಂದಳು. ಕುಣಿಗಲ್ಲಿಗೊಂದು ಬಸ್ಸು, ಅಲ್ಲಿಂದ ತುಮಕೂರಿಗೊಂದು, ಗುಬ್ಬಿಗೊಂದು, ಮೂರು ಬಸ್ಸು ಹತ್ತಿ ಇಳಿದು ಬಂದರೂ ತಲೆಯ ಮೇಲಿನ ಗಂಟು ಓರೆಯಾಗಿರಲಿಲ್ಲ. ಗಂಟು ಬಿಚ್ಚಿದರೆ ಹುರುಳಿಕಾಳು, ಕಡಲೆಕಾಯಿ, ಹುಚ್ಚೆಳ್ಳು, ಬಾಡಿದ ಒಂದು ಹೊರೆ ನುಗ್ಗೆಸೊಪ್ಪು. ಮಗಳ ತಲೆ ನೇವರಿಸಿದಳು, ಅಳಲಿಲ್ಲ. ಯಾಕಮ್ಮ ಹಿಂಗಾದೆ ಎಂದು ಕೇಳಲೂ ಇಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಅಡುಗೆಮನೆಗೆ ಹೋಗಿ ಡಬ್ಬಗಳ ಮುಚ್ಚಳ ಒಂದೊಂದಾಗಿ ತೆಗೆದು ನೋಡಿದಳು.

"ನೀವ್ ಕೂತ್ಕೊಳಿ ಅತ್ತೆ, ದಣಿದಿದ್ದೀರ," ಎಂದ ಅಪ್ಪ.

"ಕಲಿಸ್ಬೇಕು ಅಂತ ಬರ್ದಿದ್ರಲ್ಲಪ್ಪ. ಬನ್ನಿ, ನಿತ್ಕಳಿ ಇಲ್ಲಿ. ಹಿಟ್ಟು ಹಾಕಿದ್ ತಕ್ಷಣ ಕೈಯಾಡಿಸ್ಬ್ಯಾಡಿ. ಅದರ ಪಾಡಿಗದು ಬೇಯಕ್ ಬುಡಿ. ನಡುವಿಂದ ನೀರು ಉಕ್ಕಿ ಬತ್ತದೆ ನೋಡಿ, ಆಗ ಕೋಲು ತಗಳಿ."

ಅಪ್ಪ ಕಲಿತ. ದಿನ ಬಿಟ್ಟು ದಿನ ಪ್ರೆಸ್ಸು ಮುಚ್ಚಿರುತ್ತಿದ್ದುದು ಆ ವರ್ಷ ಒಳ್ಳೆಯದೇ ಆಯಿತು. ನಲ್ಲಿಯ ಹತ್ತಿರ ಕೂತು ಸೊಪ್ಪು ತೊಳೆಯುತ್ತಿದ್ದರೆ ವಠಾರದ ಗಂಡಸರು ಹಲ್ಲು ಕಿರಿಯುತ್ತಿದ್ದರು. ಅಪ್ಪನ ಕಿವಿ ಕೆಂಪಾಗುತ್ತಿತ್ತು, ಆದರೆ ಸೊಪ್ಪು ಬಿಟ್ಟು ಎದ್ದು ಬರುತ್ತಿರಲಿಲ್ಲ. ಅಜ್ಜಿಗೆ ಅಂಗಡಿಯಿಂದ ಸೊಪ್ಪು ತರುವುದೇ ಅವಮಾನ. ಮಳೆ ಬಿದ್ದಿತ್ತು, ಕೆರೆಯ ಹಿಂದಿನ ಹೊಲಗಳ ಬದುವಿನಲ್ಲಿ ಅಣ್ಣೆ, ಹೊನಗನ್ನೆ, ಗೋಣಿ ಎಂದು ನನಗೆ ಗುರುತು ಹೇಳಿಕೊಡುತ್ತ ಮಡಿಲು ತುಂಬಿಕೊಂಡು ಬರುತ್ತಿದ್ದಳು. ಹತ್ತು ಬಗೆ ಕಲೆತ ಆ ಬೆರಕೆ ಸೊಪ್ಪಿನ ಸಾರು ನಾಲ್ಕು ಜನರ ಜೊತೆಗೆ ಸರೋಜಕ್ಕನ ಮನೆಗೂ ಆಗುತ್ತಿತ್ತು. ಹುರುಳಿ ಬೇಯಿಸಿದ ದಿನ ಅದರ ಬಸಿದ ಕಟ್ಟಿನಲ್ಲಿ ಸಾರು, ಕಾಳು ನನ್ನ ಶಾಲೆಯ ಡಬ್ಬಿಗೆ. ಸಂಜೆ ಖಾರಾಬೂಂದಿಯ ಬದಲು ಹುರಿದ ಕಡಲೆಕಾಯಿ, ಬೆಲ್ಲದ ಚೂರು. ಬೆಳಿಗ್ಗೆ ಎಂಟಕ್ಕೆ, ಮಧ್ಯಾಹ್ನ ಎರಡಕ್ಕೆ, ಸಂಜೆ ಏಳೂವರೆಗೆ ಊಟ. ಅಪ್ಪ ಪ್ರೆಸ್ಸಿನಿಂದ ಎರಡಕ್ಕೆ ಸರಿಯಾಗಿ ಓಡಿ ಬಂದು, ಅಮ್ಮನ ಪಕ್ಕ ತಟ್ಟೆ ಇಟ್ಟುಕೊಂಡು ಕೂತು, ಮತ್ತೆ ಓಡುತ್ತಿದ್ದ.

ಅಮ್ಮ ಬಂದು ಕೂರುತ್ತಿದ್ದಳು. ಕೂರುತ್ತಿದ್ದಳು, ಅಷ್ಟೆ. ಎರಡು ತುತ್ತು, ಕೆಲವು ದಿನ ನಾಲ್ಕು. ಮಾತ್ರೆ ನುಂಗಿ ಎದ್ದು ಹೋಗುತ್ತಿದ್ದಳು.

ಹೀಗಿರುವಾಗ ಒಂದು ಭಾನುವಾರ ಅಜ್ಜಿ ಹುಚ್ಚೆಳ್ಳನ್ನು ಹುರಿದು, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆ ಹಾಕಿ ಪುಡಿ ಕುಟ್ಟಿದಳು. ಮನೆಯೆಲ್ಲ ಘಮ. ಬಿಸಿ ಮುದ್ದೆಯ ಪಕ್ಕ ನನ್ನ ತಟ್ಟೆಗೂ ಒಂದು ಚಮಚ ಹಾಕಿದಳು. ಅದೇನೆಂದು ಕೇಳಿದೆ. ಹೆಸರು ಹೇಳಿದಳು. ಆ ಹೆಸರಿನ ಮೊದಲ ಅಕ್ಷರಗಳು ಕಿವಿಗೆ ಬಿದ್ದದ್ದೇ ನಾನು ತಟ್ಟೆಯನ್ನು ದೂರ ತಳ್ಳಿದೆ. ಅದು ಮಗುಚಿ ಬಿತ್ತು.

"ನಂಗ್ ಬ್ಯಾಡ! ಅದನ್ನ ತಿಂದ್ರೆ ಹುಚ್ಚು ಹಿಡಿಯತ್ತೆ! ಅಮ್ಮಂಗೂ ಹಾಕ್ಬೇಡ, ಅಮ್ಮಂಗೆ ಆಗ್ಲೇ..."

ಮಾತು ಅರ್ಧಕ್ಕೇ ನಿಂತಿತು. ಅಪ್ಪನ ಕೈ ಮೇಲೆದ್ದಿತ್ತು. ಅವನು ನನಗೆ ಹೊಡೆದವನಲ್ಲ, ಆ ದಿನ ಖಂಡಿತ ಹೊಡೆಯುತ್ತಿದ್ದ. ಅಮ್ಮ ಅವನ ಮಣಿಕಟ್ಟು ಹಿಡಿದುಕೊಂಡಳು. ಎಷ್ಟೋ ತಿಂಗಳಿಂದ ಅವಳು ತಾನಾಗಿ ಯಾರನ್ನೂ ಮುಟ್ಟಿರಲಿಲ್ಲ.

"ಬಿಡಿ. ಅವಳ್ ಮುಂದೆ ಯಾರೋ ಅಂದಿದ್ದಾರೆ, ಅದ್ಕೆ ಅಂತಾಳೆ."

ಆಮೇಲೆ ನನ್ನನ್ನು ನೋಡಿದಳು. ಈ ಸಲ ನನ್ನನ್ನೇ ನೋಡಿದಳು.

"ಶೈಲ, ಬಾ ಇಲ್ಲಿ. ಅದ್ರ ಹೆಸರು ಮಾತ್ರ ಹಂಗೆ ಕಣೇ. ತಿಂದ್ರೆ ಏನೂ ಆಗಲ್ಲ. ನೋಡು, ನಾನ್ ತಿಂತೀನಿ."

ಮುದ್ದೆ ಮುರಿದು ಪುಡಿಗೆ ಅದ್ದಿ ಬಾಯಿಗಿಟ್ಟುಕೊಂಡಳು. ಇನ್ನೊಂದು ತುತ್ತು. ಮತ್ತೊಂದು. ನನಗೆ ತೋರಿಸುವುದಕ್ಕೆಂದೇ ಇಡೀ ಮುದ್ದೆ ಮುಗಿಸಿದಳು. ಕಣ್ಣಲ್ಲಿ ನೀರು ಹರಿಯುತ್ತಿತ್ತು, ಖಾರಕ್ಕೋ ಯಾವುದಕ್ಕೋ. ನಾನು ಅವಳ ತೊಡೆಗೆ ಆನಿಕೊಂಡು ಕೂತು ಅವಳ ಬೆರಳಿಂದಲೇ ಒಂದಿಷ್ಟು ಪುಡಿ ನೆಕ್ಕಿದೆ. ಅಜ್ಜಿ ಚೆಲ್ಲಿದ್ದನ್ನು ಬಳಿಯುವ ನೆಪದಲ್ಲಿ ಬಚ್ಚಲಿನ ಗೋಡೆಯ ಹಿಂದೆ ಹೋಗಿ ಬಹಳ ಹೊತ್ತು ಬರಲಿಲ್ಲ.

ಆ ದಿನದಿಂದ ಎಲ್ಲ ಸರಿಹೋಯಿತು ಎಂದು ಬರೆಯಲು ನನಗೂ ಆಸೆ. ಹಾಗಾಗಲಿಲ್ಲ. ಮರುದಿನ ಅಮ್ಮ ಚಾಪೆ ಬಿಟ್ಟು ಏಳಲಿಲ್ಲ. ಅದರ ಮರುದಿನವೂ ಅಷ್ಟೆ. ಅಪ್ಪ ತಟ್ಟೆಗಳನ್ನು ಚಾಪೆಯ ಪಕ್ಕಕ್ಕೇ ತಂದಿಟ್ಟ. ಅಲ್ಲೇ ಕೂತು ಉಂಡೆವು. ಆದರೆ ಒಂದು ವಾರದ ಲೆಕ್ಕದಲ್ಲಿ ನೋಡಿದರೆ ಒಳ್ಳೆಯ ದಿನಗಳು ಒಂದಿದ್ದದ್ದು ಎರಡಾದವು, ಎರಡಿದ್ದದ್ದು ಮೂರಾದವು. ಮಾತ್ರೆ ಹೊಟ್ಟೆಯಲ್ಲಿ ನಿಲ್ಲತೊಡಗಿತು. ಮೊದಲು ಅದನ್ನು ಬರಿ ಹೊಟ್ಟೆಗೆ ನುಂಗಿದ ದಿನಗಳಲ್ಲಿ ವಾಂತಿ ಮಾಡಿಕೊಳ್ಳುತ್ತಿದ್ದಳು. ನಿದ್ದೆ ಬಂತು. ನನ್ನ ಮಗ್ಗಿ ವಾಪಸು ಬಂತು. ಅಪ್ಪನ ಸಿಡುಕು ಯಾವಾಗ ಹೋಯಿತೋ ಯಾರೂ ಗಮನಿಸಲಿಲ್ಲ. ಕಾಯಿಲೆ ಅಮ್ಮನದು ಎಂದುಕೊಂಡಿದ್ದ ಮನೆಯಲ್ಲಿ ಮೂವರೂ ಸೊರಗಿದ್ದೆವು ಎಂಬುದು ತಿಳಿದದ್ದು ಮೂವರೂ ಚೇತರಿಸಿಕೊಂಡಾಗಲೇ. ದಸರಾ ರಜೆಯ ಒಂದು ಮಧ್ಯಾಹ್ನ ಅಮ್ಮ ಸಾರಿನ ತುತ್ತು ಬಾಯಿಗಿಟ್ಟವಳು ಮುಖ ಕಿವಿಚಿ, "ರೀ, ಬೇಳೆ ಬೇಯೋಕೆ ಮುಂಚೇನೇ ಹುಣಸೆ ಹಿಂಡಿದ್ದೀರಲ್ಲ, ಇನ್ನೆಲ್ಲಿ ಬೇಯತ್ತೆ ಅದು," ಎಂದಳು. ಅಪ್ಪ ಬೈಸಿಕೊಂಡು ಇಷ್ಟು ಸಂತೋಷಪಟ್ಟದ್ದನ್ನು ನಾನು ಮುಂದೆಂದೂ ಕಾಣಲಿಲ್ಲ.

ಆ ಕಾಯಿಲೆ ಅಮ್ಮನನ್ನು ಪೂರ್ತಿ ಬಿಟ್ಟು ಹೋಗಲಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ನಾನು ಕಾಲೇಜಿನಲ್ಲಿದ್ದಾಗ ಒಮ್ಮೆ, ಅಪ್ಪ ಹೋದ ಮೇಲೆ ಒಮ್ಮೆ ಬಂತು. ಎರಡು ಸಲವೂ ನಾವು ಮೊದಲಿನಷ್ಟು ಹೆದರಲಿಲ್ಲ, ತಡವೂ ಮಾಡಲಿಲ್ಲ. ಡಾಕ್ಟರ ಹತ್ತಿರ ಹೋದೆವು, ಒಲೆ ಆರಲು ಬಿಡಲಿಲ್ಲ. ಆ ವರ್ಷ ನನಗೆ ಒಂದು ಅಭ್ಯಾಸ ಕೊಟ್ಟುಹೋಯಿತು. ಈಗ ತುಮಕೂರಿನ ಶಾಲೆಯೊಂದರಲ್ಲಿ ಪಾಠ ಮಾಡುತ್ತೇನೆ. ಮಧ್ಯಾಹ್ನದ ಊಟದ ಹೊತ್ತಿಗೆ ಮಕ್ಕಳ ಮುಖಕ್ಕಿಂತ ಮೊದಲು ಅವರ ತಟ್ಟೆ ನೋಡುತ್ತೇನೆ. ಯಾವ ಮಗು ಅನ್ನವನ್ನು ಸುಮ್ಮನೆ ಕಲೆಸುತ್ತ ಕೂತಿದೆ ಎಂದು ನನಗೆ ದೂರದಿಂದಲೇ ಗೊತ್ತಾಗುತ್ತದೆ. ಹೋಗಿ ಪಕ್ಕದಲ್ಲಿ ಕೂರುತ್ತೇನೆ.

ಆ ವರ್ಷದ್ದೇ ಇನ್ನೊಂದು ದಿನವಿದೆ. ರಾಗಿ ಕುಯ್ಲೆಂದು ಅಜ್ಜಿ ಊರಿಗೆ ಹೋಗಿದ್ದಳು. ಅಮ್ಮ ಹಗಲು ಒಬ್ಬಳೇ ಇರುತ್ತಿದ್ದಳು. ಸರೋಜಕ್ಕ ಆಗಾಗ ಬಂದು ಮಾತಾಡಿಸಿ ಹೋಗುತ್ತಿದ್ದರು. ಅದು ಶನಿವಾರ, ಅರ್ಧ ದಿನದ ಶಾಲೆ. ನಾನು ಬಂದಾಗ ನಮ್ಮ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿತ್ತು. ಸರೋಜಕ್ಕನ ಮನೆಗೆ ಬೀಗ. ಅಮ್ಮ ಆರೇಳು ತಿಂಗಳಿಂದ ಆಸ್ಪತ್ರೆಗೆ ಬಿಟ್ಟು ಹೊಸ್ತಿಲು ದಾಟಿದವಳಲ್ಲ. ನಾನು ಚೀಲ ಅಲ್ಲೇ ಎಸೆದು ಪ್ರೆಸ್ಸಿಗೆ ಓಡಿದೆ.

"ಅಪ್ಪ, ಅಮ್ಮ ಮನೇಲಿಲ್ಲ."

ಅಪ್ಪನ ಕೈಯಲ್ಲಿದ್ದ ಅಚ್ಚುಮೊಳೆಗಳು ನೆಲದ ತುಂಬ ಚೆಲ್ಲಿದವು. ಚಪ್ಪಲಿ ಮೆಟ್ಟದೆ ಹೊರಗೆ ಓಡಿದ. ಅಮ್ಮ ಎಲ್ಲಿಗಾದರೂ ಹೋಗಿದ್ದರೆ ಪೇಟೆಗೆ, ಇಲ್ಲವೆ ಗುಡಿಗೆ ಹೋಗಿರಬೇಕು ಎಂದು ನನ್ನ ಲೆಕ್ಕ. ಅಪ್ಪ ಆ ಕಡೆ ತಿರುಗಿಯೂ ನೋಡಲಿಲ್ಲ. ರೈಲ್ವೆ ಗೇಟಿನ ಕಡೆ ಓಡಿದ. ಅವನ ಹಿಂದೆ ಓಡುತ್ತಿದ್ದಾಗ, ಈ ಎಲ್ಲ ತಿಂಗಳು ಅಪ್ಪ ಪ್ರತಿ ಮಧ್ಯಾಹ್ನ ಎರಡು ಗಂಟೆಗೆ ಏದುಸಿರು ಬಿಡುತ್ತ ಮನೆಗೆ ಬರುತ್ತಿದ್ದದ್ದು ಯಾಕೆಂದು ಎಂಟು ವರ್ಷದ ನನಗೂ ಒಮ್ಮೆಲೇ ತಿಳಿಯಿತು.

ಗೇಟು ಹಾಕಿತ್ತು. ರೈಲು ಅದೇ ಆಗ ದಾಟಿ ಹೋಗುತ್ತಿತ್ತು. ಗೇಟಿನ ಈಚೆ, ರಸ್ತೆಯ ಬದಿಯಲ್ಲಿ ಚೇಳೂರಿನ ಕಡೆಯವರು ಗೋಣಿತಾಟು ಹಾಸಿ ಅವರೆಕಾಯಿ ರಾಶಿ ಹಾಕಿಕೊಂಡಿದ್ದರು. ಒಂದು ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಒಂದು ಕಾಯಿ ಮುರಿದು ಮೂಗಿಗೆ ಹಿಡಿದುಕೊಂಡು, ಅಮ್ಮ ಆ ಮಾರುವವನ ಹತ್ತಿರ ಜಗಳವಾಡುತ್ತಿದ್ದಳು.

"ಸೊಗಡೇ ಇಲ್ವಲ್ಲಪ್ಪ ಇದರಲ್ಲಿ. ಯಾವತ್ತು ಕಿತ್ತಿದ್ದು? ನಿಜ ಹೇಳು."

"ಇವತ್ ಬೆಳಿಗ್ಗೆ ಕಿತ್ತಿದ್ದು ಕಣಕ್ಕ. ತಳದ್ದು ತೆಗ್ದು ನೋಡಿ ಬೇಕಾದ್ರೆ."

ಅಪ್ಪ ನಿಂತ. ಮಂಡಿಯ ಮೇಲೆ ಕೈಯೂರಿ ಬಗ್ಗಿ ಉಸಿರು ತೆಗೆದುಕೊಂಡ. ಆಮೇಲೆ ನಡೆದು ಹೋಗಿ ಅಮ್ಮನ ಪಕ್ಕ ಕೂತು, ತಾನೂ ಕಾಯಿ ಆರಿಸತೊಡಗಿದ.

"ಇದೇನ್ರೀ, ಪ್ರೆಸ್ ಬಿಟ್ಟು ಬಂದ್ರಿ?"

"ಸುಮ್ನೆ. ಅವರೆಕಾಯಿ ಬಂದೈತಂತಲ್ಲ, ನೋಡ್ಕೊಂಡ್ ಹೋಗಣ ಅಂತ."

ಅಮ್ಮ ಅವನ ಬರಿಗಾಲು ನೋಡಿದಳು. ದೂಳು ಮೆತ್ತಿದ ನನ್ನ ಮುಖ ನೋಡಿದಳು.

"ಹೇಳಿ ಬರ್ಬೇಕಿತ್ತು," ಎಂದಳು ಮೆಲ್ಲಗೆ. "ಇನ್ಮೇಲೆ ಹೇಳಿ ಬರ್ತೀನಿ."

ಅಪ್ಪ ಆ ದಿನ ಮತ್ತೆ ಕೆಲಸಕ್ಕೆ ಹೋಗಲಿಲ್ಲ. ಮುಂದಿನ ಕೋಣೆಯಲ್ಲಿ ಮೂವರೂ ಕೂತು ಕಾಯಿ ಸುಲಿದೆವು, ಉಗುರೆಲ್ಲ ಹಸಿರಾಯಿತು. ಅಮ್ಮ ಒಬ್ಬಳೇ ನಿಂತು ಸಾರು ಮಾಡಿದಳು, ನಮ್ಮಿಬ್ಬರನ್ನೂ ಒಲೆಯ ಹತ್ತಿರ ಬಿಡಲಿಲ್ಲ. ಎರಡರ ಊಟ ನಾಲ್ಕಕ್ಕಾಯಿತು. ಉಣ್ಣುತ್ತ ಉಣ್ಣುತ್ತ ಅಮ್ಮ ಯಾರೂ ಕೇಳದೆಯೇ ಕೈ ಚಾಚಿ ಎರಡನೇ ಸಲ ಸಾರು ಬಡಿಸಿಕೊಂಡಳು. ಅಪ್ಪ ಅದನ್ನು ನೋಡಿಯೂ ನೋಡದವನಂತೆ ತನ್ನ ತಟ್ಟೆಯ ಮೇಲೆ ತಲೆ ಬಗ್ಗಿಸಿ, ಬಗ್ಗಿಸಿದ ತಲೆ ಎತ್ತದೆ, ಊಟ ಮುಗಿಸಿದ.